ಅಪ್ಪನ ಕೋಟಿನ ಎರಡನೆಯ ಗುಂಡಿ

ಜೂನ್ 4

ಭಾವನವರಿಗೆ ನಾದಿನಿಯ ನಮಸ್ಕಾರ.

ಸಮಸ್ತ ಲೋಕಕ್ಕೆ, ಅದರಲ್ಲೂ ನಾಣ್ಯಸಂಗ್ರಾಹಕರ ಸಂಘದ ಹಾಲಿ ಕಾರ್ಯದರ್ಶಿಗಳೂ ಬರುವ ಆಗಸ್ಟಿನ ಅಧ್ಯಕ್ಷರೂ ಆದ ತಮಗೆ, ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಅಪ್ಪನ ಕಂದು ಕೋಟಿನ ಎರಡನೆಯ ಗುಂಡಿ ಇಂದು ಬೆಳಿಗ್ಗೆ ಕಿತ್ತುಬಂದಿದೆ. ಮೊದಲನೆಯದು, ಮೂರನೆಯದು ಮತ್ತು ನಾಲ್ಕನೆಯದು ಸ್ವಸ್ಥಾನದಲ್ಲಿ ಕ್ಷೇಮವಾಗಿವೆ. ಸಾರ್ವಜನಿಕರು ಗಾಬರಿಪಡಬಾರದು.

ಗಾಬರಿ ಏನಿದ್ದರೂ ನನಗೊಬ್ಬಳಿಗೆ. ನಮ್ಮ ಹೊಲಿಗೆ ಅಂಗಡಿಯಲ್ಲಿ ಚಳಿ, ಅಪ್ಪನ ಕೋಟನ್ನು ನನ್ನ ಅಳತೆಗೆ ಇಳಿಸೋಣವೆಂದು ಬಿಚ್ಚಲು ಕೂತಿದ್ದೆ. ಅಮ್ಮನ ಪದ್ಧತಿ ನಿಮಗೆ ಗೊತ್ತಲ್ಲ. ಬಟ್ಟೆ ಹೊದಿಸುವ ಗುಂಡಿಗೆ ಒಳಗಿನ ಬಿಲ್ಲೆ ಮುಗಿದುಹೋದರೆ ಕೈಗೆ ಸಿಕ್ಕ ಚಿಲ್ಲರೆ ನಾಣ್ಯಕ್ಕೇ ಬಟ್ಟೆ ಹೊದಿಸಿ ಬಿಗಿದುಬಿಡುತ್ತಾಳೆ. ಅಂಗಡಿಗೆ ಹೋಗಿ ಬಿಲ್ಲೆ ತರುವುದಕ್ಕಿಂತ ಇದು ಸಲೀಸು ಎನ್ನುವುದು ಅವಳ ಅರ್ಥಶಾಸ್ತ್ರ. ಈ ಗುಂಡಿಯ ಬಟ್ಟೆ ಸವೆದು ಹರಿಯಿತು. ಒಳಗಿಂದ ನಾಣ್ಯ ಟೇಬಲ್ಲಿನ ಮೇಲೆ ಬಿತ್ತು. ನನ್ನ ಮೂಗಿನ ಮಚ್ಚೆ ಅದರಲ್ಲಿ ಕಾಣುತ್ತದೆ, ಅಂಥ ಹೊಳಪು. ಮೇಲೆ ಬರೆದಿರುವುದು ನಾನು ಹುಟ್ಟಿದ ಇಸವಿ. ಆ ಎಂಟರಲ್ಲಿ ಕೊನೆಯಾಗುವ ಇಸವಿ.

ಆ ವರ್ಷದ ಕಥೆಯನ್ನು ಮರೆತವರ ಹಾಗೆ ಇರುವುದರಲ್ಲಿ ನೀವು ನಿಪುಣರು, ಆದ್ದರಿಂದ ನೆನಪಿಸುತ್ತೇನೆ. ನಿಮ್ಮ ಮಾವ ಟಂಕಸಾಲೆಯಲ್ಲಿ ನಾಣ್ಯ ಒತ್ತುವ ಅಚ್ಚು ಉಜ್ಜುತ್ತಿದ್ದರು. ಆ ವರ್ಷ ಪ್ರೂಫ್ ಕೋಣೆಯಲ್ಲಿ, ಅಂದರೆ ಪೆಟ್ಟಿಗೆಯಲ್ಲಿಟ್ಟು ಉಡುಗೊರೆ ಕೊಡುವ ಕನ್ನಡಿಯಂಥ ನಾಣ್ಯಗಳನ್ನು ಮಾಡುವ ಕೋಣೆಯಲ್ಲಿ, ಒಂದು ನಾಣ್ಯ ಕಡಿಮೆ ಬಂತು. ಮೇಸ್ತ್ರಿ ಅಪ್ಪನ ಕಡೆ ಬೆರಳು ತೋರಿಸಿದ. ಜೇಬು, ಬೂಟು, ಊಟದ ಡಬ್ಬಿ, ಕೋಟಿನ ಒಳಬಟ್ಟೆ ಎಲ್ಲ ತಡಕಿದರು, ಏನೂ ಸಿಗಲಿಲ್ಲ. "ರಾಜೀನಾಮೆ ಕೊಡು, ಇಲ್ಲಿಗೇ ಮುಗಿಸೋಣ" ಎಂದರು. ಅಪ್ಪ ಕೊಡಲಿಲ್ಲ. ಅವರೇ ತೆಗೆದುಹಾಕಿದರು. ಸಾಯುವ ತನಕ ಅಮ್ಮನ ಅಂಗಡಿಯಲ್ಲಿ ಕತ್ತರಿ ಸಾಣೆ ಹಿಡಿದರು.

ಭಾವ, ಅವರು ಗುಂಡಿಗಳನ್ನು ತಡಕಿರಲಿಲ್ಲ.

ಫೋಟೋ ಇಟ್ಟಿದ್ದೇನೆ. ಇದು ಏನು, ಹೇಳಿ.

ಇಂತಿ, ನೀವೇ ಹೆಸರಿಟ್ಟ
ಸೂಜಿ


ಜೂನ್ 12

ಚಿರಂಜೀವಿ ಸೂಜಿಗೆ ಆಶೀರ್ವಾದ.

ನಿನ್ನ ಘೋಷಣೆ ತಲುಪಿತು. ವಿಷಯದ ಗಾಂಭೀರ್ಯವನ್ನು ಮನಗಂಡು ತಡಮಾಡದೆ ಉತ್ತರಿಸುತ್ತಿದ್ದೇನೆ.

ಚಲಾವಣೆ ನಾಣ್ಯಕ್ಕೆ ಯಂತ್ರ ಒಂದೇ ಏಟು ಹಾಕುತ್ತದೆ. ಏಟು ತಿಂದ ನಾಣ್ಯ ರಾಶಿಯ ಮೇಲೆ ದಬದಬ ಬಿದ್ದು ಚೀಲ ಸೇರುತ್ತದೆ. ಪ್ರೂಫ್ ನಾಣ್ಯ ಅಳಿಯನಿದ್ದಂತೆ. ಉಜ್ಜಿದ ಬಿಲ್ಲೆ, ಉಜ್ಜಿದ ಅಚ್ಚು, ನಿಧಾನವಾಗಿ ಎರಡೆರಡು ಸಲ ಒತ್ತು, ಇಕ್ಕಳದಲ್ಲಿ ಹಿಡಿದು ಮಖಮಲ್ಲಿನ ಮೇಲೆ ಕೂರಿಸುವಿಕೆ. ಆ ವರ್ಷ ಪ್ರೂಫ್ ಧಾರಾಳವಾಗಿ ಮಾಡಿದರು. ಚಲಾವಣೆಗೆಂದು ಹೊರಬಿದ್ದದ್ದು ಒಂದೇ ಚೀಲ, ಅದೂ ಟಂಕಸಾಲೆಯದೇ ಸಂಬಳದ ಕಿಟಕಿಗೆ. ಅಷ್ಟರಲ್ಲಿ ಲೋಹದ ಬೆಲೆ ಏರಿ, ಉಳಿದದ್ದನ್ನೆಲ್ಲ ಕರಗಿಸಿದರು. ಹೀಗಾಗಿ ಆ ವರ್ಷದ ಚಲಾವಣೆ ನಾಣ್ಯ ಇದುವರೆಗೆ ಲೋಕಕ್ಕೆ ಗೊತ್ತಿರುವುದು ಒಂದೇ. ಅದು ನನ್ನ ಬೀರುವಿನಲ್ಲಿದೆ ಎನ್ನುವುದನ್ನು ವಿನಯಪೂರ್ವಕ ಜ್ಞಾಪಿಸುತ್ತೇನೆ.

ನಿನ್ನದು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಪ್ರೂಫ್. ಸಂಶಯವಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಪ್ರೂಫ್ ನಾಣ್ಯಗಳು ಪೆಟ್ಟಿಗೆಯಲ್ಲಿ ಮಾತ್ರ ಹೊರಗೆ ಹೋದವು. ಬಿಡಿಯಾಗಿ ಹೋದದ್ದು ಆ ಕಾಣೆಯಾದ ಒಂದೇ. ಅದು ಬಟ್ಟೆ ಹೊದ್ದು ಗುಂಡಿಯಾಗಿ ಕೂತಿತ್ತು ಎಂದಾದರೆ, ನಾನು ಬಿಡಿಸಿ ಹೇಳಬೇಕೆ? ಹೋದವರ ಮಾತು ಬೇಡ. ಗುಂಡಿಯನ್ನು ಮತ್ತೆ ಹೊಲಿದುಬಿಡು. ಅತ್ತೆಯವರಿಗೂ ನಿನ್ನ ಅಕ್ಕನಿಗೂ ಹೇಳಬೇಡ. ಅವಳಿಗೆ ನಾನೂ ಹೇಳಿಲ್ಲ.

ನಿನ್ನ ಹಿತೈಷಿ
ಭಾವ


ಜೂನ್ 17

ಭಾವನವರಿಗೆ,

ಅಮ್ಮನಿಗೆ ಹೇಳಿದೆ. ನೀವು ಬೇಡವೆಂದು ಬರೆದ ಸಾಲನ್ನೂ ಓದಿದೆ. ಕಾಜಾ ಹೊಲಿಯುತ್ತಿದ್ದವಳು ದಾರ ಕಚ್ಚಿ ಕತ್ತರಿಸಿ ಒಂದೇ ಮಾತು ಕೇಳಿದಳು: "ಅಳಿಯಂದ್ರು ನೋಡಿ ಹೇಳಿದ್ರೋ, ನೋಡ್ದೆ ಹೇಳಿದ್ರೋ?"

ನಿಮ್ಮ ಪಾಂಡಿತ್ಯದ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ಈ ನಾಣ್ಯ ಕದ್ದದ್ದಾದರೆ ನಿಮ್ಮ ಸಂಘದವರು ಮೂಸಿಯೂ ನೋಡುವುದಿಲ್ಲ, ಯಾಕೆಂದರೆ ಪ್ರೂಫ್ ಬೇಕಾದಷ್ಟಿವೆ. ಅಪ್ಪ ಸಂಬಳದ ಕಿಟಕಿಯಲ್ಲಿ ಕೈಯೊಡ್ಡಿ ತಂದದ್ದಾದರೆ ಲೋಕದಲ್ಲೇ ಅಪರೂಪ. ಕಳ್ಳನಾದರೆ ಅಗ್ಗ, ಸಾಚಾ ಆದರೆ ದುಬಾರಿ! ಅಪ್ಪ ಕೇಳಿದ್ದರೆ ಸಾಣೆಕಲ್ಲು ನಿಲ್ಲಿಸಿ ನಗುತ್ತಿದ್ದರು.

ಈಗ ಒಂದು ತಪ್ಪೊಪ್ಪಿಗೆ. ಅಂಗಡಿ ಪೂಜೆಗೆ ನೀವು ಉಡುಗೊರೆ ಕೊಟ್ಟಿದ್ದ, ನೀವೇ ಬರೆದ 'ಚಲಾವಣೆಯೋ ಪ್ರೂಫೋ' ಪುಸ್ತಕವನ್ನು ನಾನು ಓದಿರಲಿಲ್ಲ. ಆದರೆ ಅದು ಈ ಮನೆಯಲ್ಲಿ ನಿರುಪಯೋಗವಾಗಿತ್ತು ಎಂದು ತಿಳಿಯಬೇಡಿ. ಹೊಲಿಗೆ ಯಂತ್ರದ ಗಿಡ್ಡ ಕಾಲಿನ ಕೆಳಗೆ ಇಷ್ಟು ವರ್ಷ ನಿಂತು ಈ ಕುಟುಂಬಕ್ಕೆ ಅನ್ನ ಹಾಕಿದೆ. ನಿನ್ನೆ ಅದನ್ನು ಹೊರಗೆಳೆದು ಓದಿದೆ. ಯಂತ್ರ ಈಗ ಕುಂಟುತ್ತಿದೆ, ನಾನು ಮಾತ್ರ ನೆಟ್ಟಗಿದ್ದೇನೆ.

ನಡುಪುಟದಲ್ಲಿ ನೀವು ಬರೆದದ್ದನ್ನು ನಿಮಗೇ ಓದಿ ಹೇಳುತ್ತೇನೆ: "ಹೊಳಪಿಗೆ ಮರುಳಾಗಬೇಡಿ. ಆಗಷ್ಟೇ ಉಜ್ಜಿದ ಅಚ್ಚಿನಿಂದ ಬಿದ್ದ ಮೊದಲ ಚಲಾವಣೆ ನಾಣ್ಯಗಳೂ ಕನ್ನಡಿಯಂತೆಯೇ ಇರುತ್ತವೆ. ಅಂಚನ್ನು ನೋಡಿ. ಪ್ರೂಫ್ ನಾಣ್ಯದ ಅಂಚು ಗೋಡೆಯಂತೆ ಚೌಕವಾಗಿ ನಿಂತಿರುತ್ತದೆ. ಚಲಾವಣೆ ನಾಣ್ಯದ್ದು ಮೆತ್ತಗೆ ದುಂಡಗೆ ಬಾಗಿರುತ್ತದೆ."

ಭಾವ, ಇದನ್ನು ಬರೆದವರು ನೀವೇ ತಾನೆ?

ಅಂಚನ್ನು ನೋಡಿದೆ. ದುಂಡಗಿದೆ. ಮುಖದ ಮೇಲೆ, ರಾಶಿಯಲ್ಲಿ ಬಿದ್ದಾಗ ಪಕ್ಕದ ನಾಣ್ಯ ಗುದ್ದಿದ ಹಾಗೆ, ಚಿಕ್ಕ ಚಿಕ್ಕ ಗಾಯಗಳಿವೆ. ಮಖಮಲ್ಲಿನ ಮೇಲೆ ಕೂತ ಅಳಿಯನಿಗೆ ಗಾಯ ಎಲ್ಲಿಂದ ಬಂತು? ಹೊಳಪಿನ ಮಾತು ಬಿಡಿ, ಆ ಟಂಕಸಾಲೆಯಲ್ಲಿ ಅಚ್ಚು ಉಜ್ಜುತ್ತಿದ್ದವರು ಯಾರು? ಪ್ರೂಫಿನ ಅಚ್ಚಿಗೆ ಒಂದು ಕೈ, ಚಲಾವಣೆ ಅಚ್ಚಿಗೆ ಇನ್ನೊಂದು ಕೈ ಎಂದು ಅಪ್ಪ ಬೇರೆಬೇರೆ ಕೈ ಇಟ್ಟುಕೊಂಡಿರಲಿಲ್ಲ.

ಅಪ್ಪ ಕಳ್ಳನೇ ಆಗಿದ್ದರೆ ಕಳ್ಳ ಎಂದೇ ಬರೆಯಿರಿ, ನಾನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ. ಆದರೆ ನೋಡಿ ಬರೆಯಿರಿ.

ಸೂಜಿ


ಜೂನ್ 25

ಚಿ. ಸೂಜಿಗೆ,

ನನ್ನ ಪುಸ್ತಕ ನಿನ್ನ ಯಂತ್ರದ ಪಾದಸೇವೆ ಮಾಡಿದ್ದನ್ನು ತಿಳಿದು ಸಂತೋಷವಾಯಿತು. ಮಾರಾಟವಾದ ಪ್ರತಿಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು.

ಆದರೆ ಒಂದು ಪುಸ್ತಕ ಓದಿದ ಮಾತ್ರಕ್ಕೆ ಪರಿಣತಿ ಬರುವುದಿಲ್ಲ. ಅಂಚನ್ನು ನೋಡುವುದು ಒಂದು ವಿದ್ಯೆ. ಫೋಟೋ ಸಾಲದು. ರಿಜಿಸ್ಟರ್ಡ್ ಅಂಚೆಯಲ್ಲಿ ನಾಣ್ಯವನ್ನು ಕಳಿಸು. ಬಿಡುವಾದಾಗ ಪರಿಶೀಲಿಸಿ ತಿಳಿಸುತ್ತೇನೆ.

ಬಿಡುವು ಈಗ ಇಲ್ಲ. ಆಗಸ್ಟ್ ಹತ್ತಕ್ಕೆ ಸಂಘದ ಪ್ರದರ್ಶನ. ಜಾಗ ಯಾವುದೆಂದು ಹೇಳಲು ಸಂಕೋಚವಾಗುತ್ತದೆ, ಅದೇ ಹಳೆಯ ಟಂಕಸಾಲೆ. ಈಗ ಅದು ಸಂಗ್ರಹಾಲಯ. ಒಳಗೆ ಹೋಗುವವರು ಜೇಬಿನ ನಾಣ್ಯವನ್ನೆಲ್ಲ ಗೇಟಿನ ಪೆಟ್ಟಿಗೆಗೆ ಹಾಕಿ, ಬರುವಾಗ ವಾಪಸು ಪಡೆಯಬೇಕೆಂಬ ಹಳೆಯ ಕಟ್ಟಳೆಯನ್ನು ಶೋಕಿಗಾಗಿ ಇನ್ನೂ ಇಟ್ಟುಕೊಂಡಿದ್ದಾರೆ. ಆಮಂತ್ರಣ ಪತ್ರಿಕೆ ಜೊತೆಗಿದೆ. ಮುಖಪುಟದಲ್ಲಿರುವುದು ನನ್ನ ನಾಣ್ಯ. 'ಲೋಕಕ್ಕೊಂದೇ' ಎಂಬ ಶೀರ್ಷಿಕೆ ನನ್ನದಲ್ಲ, ಸಂಘದವರ ಒತ್ತಾಯ.

ಅಲ್ಲಿಯವರೆಗೆ ಈ ವಿಷಯ ನಮ್ಮಿಬ್ಬರಲ್ಲೇ ಇರಲಿ. ದಯವಿಟ್ಟು.

ಭಾವ

(ಲಕೋಟೆಯ ಹಿಂದೆ, ಪೆನ್ಸಿಲಿನಲ್ಲಿ)
ಸೂಜೀ, ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟಿದ್ದಾರೆ. ಏನೇ ಬರೆದೆ ಇವರಿಗೆ? ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ, ಹಾಗೇ ಉಂಡು ಎದ್ರು. ನನಗೆ ಹೆದರಿಕೆ ಆಗ್ತಿದೆ.
ಅಕ್ಕ


ಜುಲೈ 1

ಭಾವನವರಿಗೆ,

ನಾಣ್ಯ ಅಂಚೆಯಲ್ಲಿ ಬರುವುದಿಲ್ಲ. ಒಮ್ಮೆ ಅಪ್ಪನನ್ನು ಒಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿಕೊಂಡು ವಿಚಾರಣೆ ಮಾಡಿದರು. ಅಮ್ಮ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಮತ್ತೊಮ್ಮೆ ಹಾಗೆ ಆಗುವುದಕ್ಕೆ ನಾವು ಬಿಡುವುದಿಲ್ಲ. ನೋಡುವವರು ಇಲ್ಲಿಗೆ ಬಂದು, ನಮ್ಮೆದುರಿಗೇ ನೋಡಲಿ.

ಕೋಟಿನ ಮಿಕ್ಕ ಮೂರು ಗುಂಡಿಗಳನ್ನೂ ಬಿಚ್ಚಿದೆ. ಮೂರರಲ್ಲೂ ನಾಣ್ಯಗಳೇ, ಹಳೆಯವು, ಸವೆದವು, ಯಾರಿಗೂ ಬೇಡದವು. ಅಮ್ಮನಿಗೆ ಈಗ ನೆನಪಾಗಿದೆ. ಅಪ್ಪ ಸಂಬಳ ತಂದ ದಿನವೇ ಗುಂಡಿ ಹಚ್ಚಿದ್ದಂತೆ. "ಅವರ ಕೋಟಿನ ಜೇಬಿಂದಾನೇ ತಗೊಂಡೆ. ಹೊಸದು ಚೆನ್ನಾಗಿದೆ ಅಂತ ಎದೆ ಹತ್ರ ಹಾಕಿದೆ" ಎಂದಳು. ಅಪ್ಪನಿಗೆ ಗೊತ್ತೇ ಇರಲಿಲ್ಲ. ನಾಣ್ಯ ಒಯ್ಯಬಾರದೆಂಬ ಗೇಟನ್ನು ಆ ಮನುಷ್ಯ ದಿನವೂ ಎದೆಯ ಮೇಲೆ ನಾಣ್ಯ ಇಟ್ಟುಕೊಂಡು ದಾಟಿದ್ದಾರೆ, ಜೇಬು ಖಾಲಿ ಮಾಡಿ ಪ್ರಾಮಾಣಿಕವಾಗಿ ಪೆಟ್ಟಿಗೆಗೆ ಹಾಕಿ!

ಇದು ಹೆಂಡತಿಯ ಹೇಳಿಕೆ, ಸಾಕ್ಷಿಯಾಗುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಅದಕ್ಕೇ ನಿಮ್ಮ ಆಮಂತ್ರಣ ಪತ್ರಿಕೆಯನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು, ಅಮ್ಮ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿಯಲ್ಲಿ ನೋಡಿದೆ.

ಬಹಳ ಒಳ್ಳೆಯ ಮುದ್ರಣ. ನಿಮ್ಮ ನಾಣ್ಯ ಮಂಕಾಗಿದೆ, ಸವೆದಿದೆ, ಹತ್ತು ಜೇಬು ಸುತ್ತಿದ ಹಾಗಿದೆ. ಎಲ್ಲ ಸರಿ. ಆದರೆ ಅಂಚು ಯಾಕೆ ಗೋಡೆಯ ಹಾಗೆ ನಿಂತಿದೆ? ಇಸವಿಯ ಎಂಟಿದೆಯಲ್ಲ, ಅದರ ಎರಡು ಹೊಟ್ಟೆಯೊಳಗೆ ಯಾಕೆ ಕನ್ನಡಿ ಹೊಳೆಯುತ್ತಿದೆ? ಹಳೆಯ ಬಟ್ಟೆ ಎಷ್ಟೇ ಮಾಸಲಿ, ಮಡಿಕೆಯ ಒಳಗೆ ಹುಟ್ಟಿದ ಬಣ್ಣ ಉಳಿದಿರುತ್ತದೆ. ನಿಮ್ಮ ಪುಸ್ತಕದ ಕೊನೆಯ ಅಧ್ಯಾಯದಲ್ಲೂ ಇದೇ ಇದೆ: ಪ್ರೂಫ್ ನಾಣ್ಯವನ್ನು ಜೇಬಲ್ಲಿಟ್ಟು ಸವೆಸಿದರೂ ಬೆರಳು ತಾಗದ ಸಂದಿಗಳಲ್ಲಿ ಅದು ಸಿಕ್ಕಿಬೀಳುತ್ತದಂತೆ.

ನನ್ನದನ್ನು ಹೊಳಪು ನೋಡಿ ಪ್ರೂಫ್ ಎಂದಿರಿ, ನಿಮ್ಮದನ್ನು ಮಂಕು ನೋಡಿ ಚಲಾವಣೆ ಎಂದಿರಿ. ಬಣ್ಣ ನೋಡಿ ಬಟ್ಟೆ ಕೊಳ್ಳುವ ಗಿರಾಕಿಗಳನ್ನು ನಾನು ದಿನವೂ ನೋಡುತ್ತೇನೆ, ಬೇಜಾರಿಲ್ಲ. ಒಂದೇ ಪ್ರಶ್ನೆ: ನಿಮ್ಮದನ್ನು ಯಾರಿಂದ ಕೊಂಡಿರಿ?

ಸೂಜಿ


ಜುಲೈ 14

ಭಾವನವರಿಗೆ,

ಉತ್ತರವಿಲ್ಲ. ಅಂಚೆಯವನು ಈಗ ನಮ್ಮ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ದಾಟುತ್ತಾನೆ, ನಾನು ಹಾಗೆ ನೋಡುತ್ತೇನಂತೆ.

ನಿಮ್ಮ ಮೌನದ ಅರ್ಥ ನನಗೆ ಆಗಿದೆ. ನಿಮ್ಮ ಸಂಘದವರಿಗೆ ನೀವು ಯಾರ ಅಳಿಯ ಎಂದು ಗೊತ್ತೇ? ಗೊತ್ತಿರಲಾರದು. ಕಳ್ಳ ಮಾವ ಇರುವವರು ಅಧ್ಯಕ್ಷರಾಗುವುದು ಕಷ್ಟ. ಸಾಚಾ ಮಾವ ಇದ್ದರೆ ನಿಮ್ಮ ನಾಣ್ಯ ಲೋಕಕ್ಕೊಂದೇ ಆಗುವುದಿಲ್ಲ, ಅದೂ ಕಷ್ಟ. ಸತ್ತವರು ಯಾವ ಮಗ್ಗುಲಿಗೆ ಹೊರಳಿದರೂ ನಿಮಗೆ ನಿದ್ದೆ ಇಲ್ಲ, ಪಾಪ.

ಆದರೆ ಇದು ತಿಳಿದಿರಲಿ. ನೀವು ಬರೆದರೂ ಬರೆಯದಿದ್ದರೂ ಹತ್ತನೇ ತಾರೀಖು ನಾನು ಆ ಗೇಟಿಗೆ ಬರುತ್ತೇನೆ. ಕೇಳಿದವರಿಗೆಲ್ಲ ನನ್ನ ನಾಣ್ಯದ ಅಂಚು ತೋರಿಸಿ, ಆಮೇಲೆ ನಿಮ್ಮದರ ಅಂಚು ನೋಡಿ ಎನ್ನುತ್ತೇನೆ. ಅಮ್ಮನೂ ಬರುತ್ತಾಳಂತೆ. ಆ ಕಲ್ಲು ಇನ್ನೂ ಇದೆಯಾ ಅಂತ ನೋಡಬೇಕಂತೆ.

ಸೂಜಿ


ಜುಲೈ 20

ಸೂಜಿಗೆ,

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದೇ ಬಲ್ಬಿನ ಟೇಬಲ್ ಲ್ಯಾಂಪ್ ಇದ್ದರೆ ತೆಗೆದಿಡು. ಟ್ಯೂಬ್‌ಲೈಟಿನಲ್ಲಿ ನೋಡಲಾಗುವುದಿಲ್ಲ.

ಭಾವ


ಜುಲೈ 29

ಚಿ. ಸೂಜಿಗೆ ಆಶೀರ್ವಾದ.

ಭಾನುವಾರ ನಿಮ್ಮೆದುರಿಗೆ ಬಾಯಿ ಬಿಡಲಿಲ್ಲ. ನೋಡಿದೆ, ಕೈಮುಗಿದೆ, ಬಸ್ಸು ಹತ್ತಿದೆ. ನೀನು ಅದನ್ನೂ ಸೊಕ್ಕು ಎಂದುಕೊಂಡಿರುತ್ತೀಯ. ನನ್ನ ಸ್ಥಾನಮಾನದವರು ಹೊಲಿಗೆ ಅಂಗಡಿಯಲ್ಲಿ ಅಳುವುದು ಶೋಭಿಸುವುದಿಲ್ಲವೆಂದು ಹೊರಟುಬಂದೆ.

ನೋಡಿದ್ದನ್ನು ಈಗ ಬರೆಯುತ್ತೇನೆ. ದೀಪದ ಕೆಳಗೆ ನಾಣ್ಯವನ್ನು ಓರೆಮಾಡಿ ಮೆಲ್ಲಗೆ ತಿರುಗಿಸಿದೆ. ಪ್ರೂಫ್ ಆಗಿದ್ದರೆ ಮುಖವೆಲ್ಲ ಒಮ್ಮೆಲೇ ಬೆಳಗಿ ಒಮ್ಮೆಲೇ ಕಪ್ಪಾಗಬೇಕಿತ್ತು. ಹಾಗಾಗಲಿಲ್ಲ. ಹೊಳಪಿನ ಅಡಿಯಿಂದ ಬೆಳಕು, ಗಾಡಿ ಚಕ್ರದ ಕಡ್ಡಿಗಳ ಹಾಗೆ, ಸುತ್ತ ತಿರುಗಿತು. ಒಂದೇ ಏಟಿಗೆ ಲೋಹ ಹೊರಕ್ಕೆ ಹರಿದಾಗ ಮಾತ್ರ ಬರುವ ಬೆಳಕು ಅದು. ಅಂಚು ದುಂಡು. ಗಾಯಗಳು ರಾಶಿಯವು. ಮಾವನವರು ಉಜ್ಜಿದ ಅಚ್ಚಿನಿಂದ ಬಿದ್ದ ಮೊದಲ ಕೆಲವು ನಾಣ್ಯಗಳಲ್ಲಿ ಒಂದು. ಚಲಾವಣೆ ನಾಣ್ಯ. ಸಂಬಳದ ಕಿಟಕಿಯಿಂದಲ್ಲದೆ ಬೇರೆಲ್ಲಿಂದಲೂ ಅದು ಬರುವುದಕ್ಕೆ ಸಾಧ್ಯವಿಲ್ಲ. ಇದು ನೋಡಿ ಬರೆದದ್ದು.

ನೀನು ಕೇಳಿದ ಪ್ರಶ್ನೆಗೆ ಆ ಎರಡು ವಾರ ಉತ್ತರ ಹುಡುಕುತ್ತಿದ್ದೆ, ಅಡಗಿ ಕೂತಿರಲಿಲ್ಲ. ನನ್ನ ನಾಣ್ಯವನ್ನು ಕೊಂಡದ್ದು ಒಬ್ಬ ಗಡಿಯಾರದಂಗಡಿಯವನಿಂದ. ಅವನು ಮುದುಕ. ಅವನ ಮುಂದೆ ಮೂರು ಸಲ ಹೋಗಿ ಕೂತ ಮೇಲೆ ಬಾಯಿಬಿಟ್ಟ. ಅದು ಅವನ ಮಾವನದಂತೆ. ಮಾವ ಅದನ್ನು ಅದೃಷ್ಟದ ನಾಣ್ಯವೆಂದು ಸಾಯುವವರೆಗೂ ಜೇಬಿನಲ್ಲಿ ಇಟ್ಟುಕೊಂಡು, ಮಾತಾಡುವಾಗಲೆಲ್ಲ ಹೆಬ್ಬೆರಳಿನಿಂದ ಉಜ್ಜುತ್ತಿದ್ದನಂತೆ. ಮಾವನ ಕೆಲಸ ಏನು ಎಂದು ಕೇಳಿದೆ. "ಟಂಕಸಾಲೇಲಿ ಪ್ರೂಫ್ ಕೋಣೆ ಮೇಸ್ತ್ರಿ" ಎಂದ.

ನಾನು ಯಾರನ್ನೂ ಕಳ್ಳ ಎನ್ನುವುದಿಲ್ಲ. ಮನೆಯಲ್ಲಿ ಒಮ್ಮೆ ಆ ಪದವನ್ನು ನೋಡದೆ ಬಳಸಿ ಸಾಕಾಗಿದೆ. ಇಷ್ಟು ಮಾತ್ರ ಹೇಳುತ್ತೇನೆ: ಕಡಿಮೆ ಬಂದಿದ್ದ ಆ ಒಂದು ಪ್ರೂಫ್, ಬೆರಳು ಮಾಡಿ ತೋರಿಸಿದವನ ಜೇಬಿನಿಂದ ನನ್ನ ಬೀರುವಿಗೆ ಬಂದಿದೆ. ಅದನ್ನೇ ನಾನು ಮುಖಪುಟದಲ್ಲಿ ಅಚ್ಚು ಹಾಕಿಸಿದ್ದೇನೆ.

ನಿನ್ನ ಒಂದು ಊಹೆ ನಿಜ. ಸಂಘದಲ್ಲಿ ನಮ್ಮ ಮಾವ 'ಉಪಕರಣಗಳ ವ್ಯಾಪಾರಿ' ಎಂದಿದ್ದೆ. ಮೊನ್ನೆ ಸಭೆ ಕರೆದು, ಅವರು ಅಚ್ಚು ಉಜ್ಜುತ್ತಿದ್ದವರು, ಕೆಲಸದಿಂದ ತೆಗೆದುಹಾಕಿಸಿಕೊಂಡವರು, ಇದು ಅವರ ನಾಣ್ಯ, ಇದು ನನ್ನ ತಪ್ಪು ಎಂದು ಎರಡರ ಚಿತ್ರವನ್ನೂ ಗೋಡೆಯ ಮೇಲೆ ಹಾಕಿ ತೋರಿಸಿದೆ. ಅಧ್ಯಕ್ಷಗಿರಿ ಬೇರೆಯವರಿಗೆ ಹೋಯಿತು. ಹೊಸ ಅಧ್ಯಕ್ಷರು, ಮೇಸ್ತ್ರಿ ಮತ್ತು ಮಾವನವರ ವಿಚಾರ ಬೇಡ, ನಾಣ್ಯದ ಕೆಳಗೆ 'ಖಾಸಗಿ ಸಂಗ್ರಹದಿಂದ' ಎಂದಷ್ಟೇ ಬರೆಯೋಣ ಎನ್ನುತ್ತಿದ್ದಾರೆ. ನಾನು ಆಗುವುದಿಲ್ಲ ಎಂದಿದ್ದೇನೆ. ಆದರೂ ಒಂದು ಗಾಜಿನ ಪೆಟ್ಟಿಗೆ ಖಾಲಿ ಇಡಿಸಿದ್ದೇನೆ. ಕೊಡುವೆಯಾ?

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ, ನನ್ನ ಪುಸ್ತಕದ ಒಂದು ಪ್ರತಿ ತಂದು ಊಟದ ಮೇಜಿನ ಕುಂಟು ಕಾಲಿನ ಕೆಳಗೆ ಇಟ್ಟಳು.

ಭಾವ


ಆಗಸ್ಟ್ 2

ಭಾವನವರಿಗೆ ನಾದಿನಿಯ ನಮಸ್ಕಾರ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. 'ಇದು ನೋಡಿ ಬರೆದದ್ದು' ಎಂಬಲ್ಲಿ ಕೈ ಎತ್ತಿ ನಿಲ್ಲಿಸಿ, ಅದನ್ನು ಇನ್ನೊಮ್ಮೆ ಓದಿಸಿದಳು. ಮೇಸ್ತ್ರಿಯ ಭಾಗಕ್ಕೆ ಏನಾದರೂ ಅನ್ನುತ್ತಾಳೆಂದು ಕಾದೆ. "ಹೆಬ್ಬೆರಳಲ್ಲಿ ಉಜ್ಜಿದ್ರೆ ಆಗತ್ತಾ? ಉಜ್ಜೋದು ಅಂದ್ರೆ ನಿಮ್ಮಪ್ಪ ಉಜ್ಜಬೇಕು" ಎಂದಳು. ಆಮೇಲೆ ಬಹಳ ಹೊತ್ತು ಕಾಜಾ ಹೊಲಿದಳು. ಆ ಕಾಜಾಗಳನ್ನು ಇವತ್ತು ನಾನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಎಲ್ಲ ಸೊಟ್ಟಗಿದ್ದವು. ಅವಳಿಗೆ ಹೇಳಿಲ್ಲ.

ನಿಮ್ಮ ಬಗ್ಗೆ ಹದಿನಾಲ್ಕನೇ ತಾರೀಖು ಬರೆದದ್ದರಲ್ಲಿ ಅರ್ಧ ವಾಪಸು ತಗೊಂಡಿದ್ದೇನೆ. ಉಪಕರಣಗಳ ವ್ಯಾಪಾರಿಯ ಅರ್ಧ ಹಾಗೇ ಇರಲಿ, ಆಗಾಗ ಬೇಕಾಗುತ್ತದೆ.

ಗಾಜಿನ ಪೆಟ್ಟಿಗೆ ಬೇಡ. ಹೊಸ ಅಧ್ಯಕ್ಷರಿಗೆ ತಿಳಿಸಿ: ಖಾಸಗಿ ಸಂಗ್ರಹ ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತದೆ. ಹತ್ತನೇ ತಾರೀಖು ಅಮ್ಮ ಅಪ್ಪನ ಕೋಟು ತೊಟ್ಟುಕೊಂಡು ಬರುತ್ತಾಳೆ. ಅವಳ ಅಳತೆಗೇ ಇಳಿಸಿದ್ದೇನೆ, ನನಗೆ ಚಳಿ ಆದರೆ ಆಗಲಿ. ಎರಡನೆಯ ಗುಂಡಿಗೆ ಈ ಸಲ ಬಟ್ಟೆ ಹೊದಿಸುವುದಿಲ್ಲ. ಮುಂದುಗಡೆ ನಾಣ್ಯಕ್ಕಿಂತ ಅಗಲವಾದ, ಪಾರದರ್ಶಕ ಹಾಳೆಯ ದುಂಡನೆಯ ಕಿಟಕಿ ಇರುವ ಸಣ್ಣ ಚೀಲ ಹೊಲಿದು ಅದರಲ್ಲಿ ಕೂರಿಸುತ್ತೇನೆ. ನಿಮ್ಮ ಎದೆ ಒಡೆಯದಿರಲಿ, ಅಂಚಿಗೆ ದಾರ ತಾಗುವುದಿಲ್ಲ, ಅಂಚು ಪೂರ್ತಿ ಕಾಣುತ್ತದೆ. ದುಂಡಗಿದೆಯೋ ಚೌಕವಾಗಿದೆಯೋ ಎಂದು ಯಾರು ಬೇಕಾದರೂ ಬಗ್ಗಿ ನೋಡಲಿ. ಚೀಟಿಯಲ್ಲಿ ಏನು ಬರೆಯಬೇಕೆಂದು ಜಗಳ ಬೇಡ. ಕೇಳಿದವರಿಗೆ ಅಮ್ಮ ಬಾಯಲ್ಲೇ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ.

ಗೇಟಿನಲ್ಲಿ ನಾಣ್ಯವನ್ನು ಪೆಟ್ಟಿಗೆಗೆ ಹಾಕಿ ಎನ್ನುತ್ತಾರಲ್ಲ, ಅದಕ್ಕೂ ಅಭ್ಯಾಸ ನಡೆದಿದೆ. ನಾನು ಬಾಗಿಲಲ್ಲಿ ನಿಂತು ಗತ್ತಿನಿಂದ ಕೇಳುತ್ತೇನೆ. ಅವಳು ಕೋಟಿನ ಕಾಲರು ಸರಿಮಾಡಿಕೊಂಡು, "ನಾಣ್ಯ ಇಲ್ಲಪ್ಪ. ಗುಂಡಿ ಇದೆ" ಎಂದು ದಾಟಿ ಹೋಗುತ್ತಾಳೆ. ನಿನ್ನೆಯಿಂದ ಅಡುಗೆಮನೆಗೆ ಹೋಗುವಾಗಲೂ ಹೀಗೇ ಹೋಗುತ್ತಿದ್ದಾಳೆ.

ನಿಮ್ಮ ಪುಸ್ತಕ ಮತ್ತೆ ಯಂತ್ರದ ಕಾಲಿನ ಕೆಳಗೆ ಹೋಗಿದೆ. ಅವಮಾನವೆಂದು ತಿಳಿಯಬೇಡಿ, ಕೋಟು ನೆಟ್ಟಗೆ ಹೊಲಿಯಬೇಕಿತ್ತು.

ಒಂದು ಉಪಕಾರ ಆಗಬೇಕು. ಆ ಚೀಲ ಹಚ್ಚಲು ಕೋಟಿನ ಬಣ್ಣದ ದಾರ ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಒಳಹೊಲಿಗೆಯಿಂದ ಚೂರು ಬಟ್ಟೆ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅಂಗಡಿಯ ಒಳಗೆ ಆರಿಸಬೇಡಿ, ಹೊರಗೆ ಬಿಸಿಲಿಗೆ ತಂದು ಪಕ್ಕಪಕ್ಕ ಹಿಡಿದು ನೋಡಿ, ಒಂದೇ ಒಂದು ಉಂಡೆ, ಬುಧವಾರದೊಳಗೆ ಅಕ್ಕನ ಕೈಯಲ್ಲಿ ಅಂಚೆಗೆ ಹಾಕಿಸಿ.

ಸೂಜಿ